ಗೂಡಿನ ವ್ಯಾಪಾರಿಯ ಅನುಮಾನ

“ಒಳಗೆ ಯಾರೂ ಇಲ್ಲದೆ ಒಬ್ಬ ಮನುಷ್ಯ ನಗಲು ಸಾಧ್ಯವೇ, ಗುರುಗಳೇ?” ಎಂದು ಪಾಲಾಕ್ಷ ಕೇಳಿದ.

ಪಾಲಾಕ್ಷ ಮಠದ ಪಾಠಶಾಲೆಯಲ್ಲಿ ಓದುತ್ತಿದ್ದ ಶಿಷ್ಯ. ಪ್ರಶ್ನೆ ಎಲ್ಲಿಂದ ಬಂತೆಂದು ಗುರುಗಳು ವಿಚಾರಿಸಿದರು. ಒಂದು ಕಾದಂಬರಿಯಿಂದ ಬಂದಿತ್ತು. ಬರೆದವರು ತೀರಿಹೋಗಿ ಬಹಳ ಕಾಲವಾಗಿದೆ. ಅವರು ಮುಂದೆ ಬರಬಹುದಾದ ಕಾಲದ ಕತೆಗಳನ್ನು, ವಿಜ್ಞಾನದ ಕತೆಗಳನ್ನು ಬರೆಯುತ್ತಿದ್ದರು. ಈ ಕಾದಂಬರಿಯಲ್ಲಿ, ದೂರದ ನಕ್ಷತ್ರಗಳಿಗೆ ಕೆಲಸಕ್ಕೆ ಹೋಗುವವರು ಮನೆಯಲ್ಲಿ ತಮ್ಮ ಜಾಗಕ್ಕೆ ಒಂದು ಬದಲಿಯನ್ನು ಬಿಟ್ಟುಹೋಗುತ್ತಾರೆ. ಬದಲಿ ಎಂದರೆ ಯಂತ್ರ. ಹೋದವರ ಮುಖ, ದನಿ, ನೆನಪು, ಕೆಮ್ಮು ಎಲ್ಲವೂ ಅದಕ್ಕಿರುತ್ತದೆ. ಮನೆಯವರಿಗೆ ವಿಷಯ ತಿಳಿಸುವುದಿಲ್ಲ, ಅವರಿಗೆ ಬೇಸರವಾಗಬಾರದೆಂದು. ಬದಲಿಗೂ ತಿಳಿಸುವುದಿಲ್ಲ, ಅದಕ್ಕೂ ಬೇಸರವಾಗಬಾರದೆಂದು.

ಕಾದಂಬರಿ ಓದಿದಂದಿನಿಂದ ಪಾಲಾಕ್ಷನಿಗೆ ಊಟ ಸೇರುತ್ತಿರಲಿಲ್ಲ. ಅವನ ಕೋಣೆಯಲ್ಲಿ ಉಮಾಪತಿ ಎಂಬ ಸಹಪಾಠಿ ಇದ್ದ. ಉಮಾಪತಿ ತಮಾಷೆಯ ಮಾತು ಮುಗಿಯುವ ಮೊದಲೇ ನಗುತ್ತಾನೆ ಎಂಬುದನ್ನು ಪಾಲಾಕ್ಷ ಈಗ ಗಮನಿಸಿದ್ದ. ಆ ದಿನ ಬೆಳಿಗ್ಗೆ ಅವನಿಗೆ ಕೆಲವು ಪ್ರಶ್ನೆಗಳನ್ನು ಹಾಕಿಯೂ ನೋಡಿದ್ದ. ಉಮಾಪತಿ ಎಲ್ಲಕ್ಕೂ ಸರಿಯಾದ ಉತ್ತರ ಕೊಟ್ಟ. ಅದರಿಂದ ಭಯ ಇನ್ನೂ ಹೆಚ್ಚಾಯಿತು.

ಗುರುಗಳು ತಾವೂ ಆ ಪುಸ್ತಕವನ್ನು ಓದಿರುವುದಾಗಿ ಹೇಳಿದರು. ಅದರಲ್ಲಿ ಪ್ರಶ್ನೆ ಬಹಳ ಚೆನ್ನಾಗಿದೆ, ಉತ್ತರ ಬರೆಯಬೇಕಾದ ಜಾಗಕ್ಕೆ ಬರುವಷ್ಟರಲ್ಲಿ ಪುಟ ಮುಗಿದಿರುತ್ತದೆ ಎಂದರು. ಅದನ್ನು ಓದಿದ ಇನ್ನೊಬ್ಬನ ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ರೇಷ್ಮೆಗೂಡಿನ ಮಾರುಕಟ್ಟೆಯಿತ್ತು. ಅಲ್ಲಿ ಒಬ್ಬ ವ್ಯಾಪಾರಿಯಿದ್ದ. ರೈತರು ತಂದು ಸುರಿದ ಗೂಡನ್ನು ಹರಾಜಿನಲ್ಲಿ ಹಿಡಿದು ನೂಲು ತೆಗೆಸುವುದು ಅವನ ಕಸುಬು. ಈ ವ್ಯಾಪಾರದಲ್ಲಿ ಕೊಳ್ಳುವ ಸರಕು ಮುಚ್ಚಿಕೊಂಡೇ ಇರುತ್ತದೆ. ಹೊರಗಿನಿಂದ ಎಲ್ಲ ಗೂಡೂ ಒಂದೇ. ಒಳಗಿನ ಹುಳು ಚೆನ್ನಾಗಿದ್ದರೆ ನೂಲು ಸಲೀಸಾಗಿ ಬಿಚ್ಚಿಕೊಳ್ಳುತ್ತದೆ. ಒಳಗೇ ಸತ್ತು ಕೊಳೆತಿದ್ದರೆ ನಡುವೆ ಕಡಿಯುತ್ತದೆ. ಆದ್ದರಿಂದ ವ್ಯಾಪಾರಿಗಳು ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಕೇಳುತ್ತಾರೆ. ಅನುಮಾನ ಬಂದರೆ ಬ್ಲೇಡಿನಿಂದ ಕೊಯ್ದು ನೋಡುತ್ತಾರೆ. ಕೊಯ್ದ ಗೂಡು ಮತ್ತೆ ನೂಲಿಗೆ ಬರುವುದಿಲ್ಲ. ಸುತ್ತಿದ ಎಳೆಯೆಲ್ಲ ತುಂಡಾಗಿರುತ್ತದೆ. ಒಂದೆರಡು ಹೋದರೆ ಹೋಗಲಿ ಎಂದು ರೈತರೂ ಸುಮ್ಮನಿರುತ್ತಾರೆ.

ಈ ವ್ಯಾಪಾರಿ ಒಂದೆರಡಕ್ಕೆ ನಿಲ್ಲುತ್ತಿರಲಿಲ್ಲ. ಕೊಯ್ದದ್ದು ಚೆನ್ನಾಗಿದ್ದರೆ, ಕೆಟ್ಟದ್ದು ಅದರ ಪಕ್ಕದಲ್ಲಿರಬೇಕು ಎಂಬುದು ಅವನ ತರ್ಕ. “ಅಣ್ಣಾ, ಪೂರ್ತಿ ಕೊಯ್ದು ನೋಡ್ಬಿಡಿ. ಆಮೇಲೆ ಮನೆಗೆ ಬರೀ ಬ್ಲೇಡು ತಗೊಂಡು ಹೋಗಿ” ಎಂದು ಒಬ್ಬ ರೈತ ಹೇಳಿದ್ದುಂಟು. ವ್ಯಾಪಾರಿ ಅದನ್ನು ಹೊಗಳಿಕೆ ಎಂದು ತಿಳಿದ.

ಅವನಿಗೆ ಹೆಂಡತಿಯಿದ್ದಳು. ಮಾತಿನವಳು. ಮನೆಗೆ ಬಂದ ಗಂಡನಿಗೆ ನೀರು ಕೊಡುವುದಕ್ಕೂ ಮೊದಲು ಬೀದಿಯ ಸುದ್ದಿ ಕೊಡುತ್ತಿದ್ದಳು. ಅವನ ತರ್ಕಗಳನ್ನು ನಕ್ಕು ಹೊಡೆದುಹಾಕುತ್ತಿದ್ದಳು. ಮಾರುಕಟ್ಟೆಯಲ್ಲಿ ಯಾರ ಮಾತನ್ನೂ ನಂಬದೆ ದಿನ ಕಳೆಯುವವನಿಗೆ, ನಂಬಿ ಮಾತಾಡಲು ಇದ್ದವಳು ಅವಳೊಬ್ಬಳೇ. ಇದನ್ನು ಅವನು ಅವಳಿಗೆ ಎಂದೂ ಹೇಳಿರಲಿಲ್ಲ. ಹೇಳುವ ಪ್ರಸಂಗ ಬಂದಿರಲಿಲ್ಲ.

ಆ ಊರಿನಲ್ಲಿ ಒಂದು ಓದುಗರ ಕೂಟವೂ ಇತ್ತು. ಭಾನುವಾರ ಮಧ್ಯಾಹ್ನ ಒಂದು ಹೋಟೆಲಿನ ಮಹಡಿಯಲ್ಲಿ ಸೇರುತ್ತಿದ್ದರು. ಒಬ್ಬ ವಕೀಲರು, ಒಬ್ಬ ಮೇಷ್ಟ್ರು, ಒಬ್ಬ ವಿಮಾ ಏಜೆಂಟ್, ಮತ್ತೆ ಈ ವ್ಯಾಪಾರಿ. ಅವರಿಗೆ ಈ ಲೇಖಕರೆಂದರೆ ಬಹಳ ಗೌರವ. ಲೇಖಕರು ಅರ್ಥವಾಗದ ಕಡೆ ಆ ಗೌರವ ಇನ್ನೂ ಹೆಚ್ಚುತ್ತಿತ್ತು.

ಬದಲಿಯ ಕಾದಂಬರಿ ಚರ್ಚೆಗೆ ಬಂದ ದಿನ ಕೂಟ ಸಂಜೆಯವರೆಗೂ ಏಳಲಿಲ್ಲ. ಮನುಷ್ಯ ಮಾಡುವುದನ್ನೆಲ್ಲ ಮಾಡುವ ವಸ್ತುವಿಗೆ ಇನ್ನೇನು ಕಡಿಮೆಯಾಗಿದೆ ಎಂದು ಮೇಷ್ಟ್ರು ಕೇಳಿದರು. ಒಳಗೆ ಒಬ್ಬರು ಇರುವುದು ಕಡಿಮೆಯಾಗಿದೆ ಎಂದು ವಕೀಲರು ಹೇಳಿ, ಅದಕ್ಕೆ ಮಾತ್ರ ಸಾಕ್ಷಿ ಸಿಗುವುದಿಲ್ಲ, ಏಕೆಂದರೆ ಒಳಗಿನಿಂದ ಸಾಕ್ಷಿ ಹೇಳಲು ಒಬ್ಬರೇ ಇರುತ್ತಾರೆ, ಅವರೇ ಕಕ್ಷಿದಾರರು ಎಂದರು. ಬದಲಿ ಕೆಟ್ಟು ನಿಂತರೆ ವಿಮೆಯ ಹಣ ಯಾರಿಗೆ ಎಂದು ಏಜೆಂಟ್ ವಿಚಾರಿಸಿದ. ಯಾವ ಪರೀಕ್ಷೆಗೂ ಸಿಗದ ವ್ಯತ್ಯಾಸ ಇಲ್ಲವೇ ಇಲ್ಲ ಎಂದಾಗಬಹುದಲ್ಲವೇ ಎಂದು ಮೇಷ್ಟ್ರು ಅನುಮಾನಪಟ್ಟರು.

ವ್ಯಾಪಾರಿ ಒಪ್ಪಲಿಲ್ಲ. ವ್ಯತ್ಯಾಸ ಇದ್ದೇ ಇರುತ್ತದೆ, ಪರೀಕ್ಷೆ ಸಾಲದು ಅಷ್ಟೇ ಎಂದ. ಕಾದಂಬರಿಯಲ್ಲೇ ಒಂದು ಪರೀಕ್ಷೆಯಿದೆ ಎಂದು ಅವನೇ ನೆನಪಿಸಿದ. ಅಲ್ಲಿ ನಾಯಕ ತನ್ನ ಮನೆಯವರಿಗೆ ನಡೆಯದೇ ಇದ್ದುದನ್ನು ನಡೆಯಿತು ಎಂದು ಹೇಳುತ್ತಾನೆ. ಮನುಷ್ಯರಾದವರು ಜಗಳಕ್ಕೆ ಬರುತ್ತಾರೆ. ಬದಲಿಯೋ ಮನೆಯವರನ್ನು ನೋಯಿಸದಂತೆ ಮಾಡಿದ ಯಂತ್ರ, ಅದು ಹೌದೆಂದು ಒಪ್ಪಿಕೊಳ್ಳುತ್ತದೆ.

ಪರೀಕ್ಷೆ ಸೊಗಸಾಗಿದೆ ಎಂದು ಕೂಟ ತೀರ್ಮಾನಿಸಿತು. ಉಳಿದ ಮೂವರು ಕಾಫಿ ಕುಡಿದು ಮನೆಗೆ ಹೋಗಿ ಮರೆತರು. ಮನೆಗೆ ಹೋದ ಮೇಲೆ ಮರೆಯುವವರಿಗೆ ಇಂಥ ಪುಸ್ತಕಗಳಿಂದ ಯಾವ ಅಪಾಯವೂ ಇಲ್ಲ. ವ್ಯಾಪಾರಿ ಮರೆಯಲಿಲ್ಲ. ಮುಚ್ಚಿದ್ದರ ಒಳಗೆ ಏನಿದೆ ಎಂದು ತಿಳಿಯದೆ ಬಿಟ್ಟು ಅವನಿಗೆ ಅಭ್ಯಾಸವಿರಲಿಲ್ಲ.

ಊಟಕ್ಕೆ ಕೂತಾಗ, ತಮ್ಮ ಮದುವೆಯ ದಿನ ಎಂಥ ಮಳೆ ಬಂದಿತ್ತು ಎಂದು ಹೆಂಡತಿಗೆ ಹೇಳಿದ.

“ಮಳೆಯಾ?” ಎಂದಳು ಅವಳು. “ಬಿಸಿಲಿಗೆ ನಿಮ್ಮ ಸೋದರಮಾವ ಚಪ್ಪರದಲ್ಲೇ ಮಗುಚಿಕೊಂಡಿದ್ದು ಮರೆತುಹೋಯ್ತಾ? ಮಜ್ಜಿಗೆ ಕುಡಿಸಿ ಎಬ್ಬಿಸಿದೋಳು ನಾನು, ಹೊಸ ಸೀರೆ ಉಟ್ಕೊಂಡು. ಮಳೆ ಬಂದಿದ್ದು ನಿಮ್ಮ ತಲೆಗೆ ಇರಬೇಕು ಕಣ್ರೀ.”

ವ್ಯಾಪಾರಿಗೆ ನೆಮ್ಮದಿಯಾಯಿತು. ಎರಡು ಸಲ ಅನ್ನ ಹಾಕಿಸಿಕೊಂಡ.

ಮರುದಿನ ಮಾರುಕಟ್ಟೆಯಲ್ಲಿ ನಿಂತಿದ್ದಾಗ ಆ ನೆಮ್ಮದಿಯಲ್ಲಿ ಒಂದು ತೂತು ಕಾಣಿಸಿತು. ಬಿಸಿಲು, ಸೋದರಮಾವ, ಮಜ್ಜಿಗೆ ಇವೆಲ್ಲ ನೆನಪುಗಳು. ನೆನಪುಗಳನ್ನು ಬದಲಿಯೊಳಗೆ ತುಂಬಿಯೇ ಕಳಿಸುತ್ತಾರೆ. ಇನ್ನು ಜಗಳ. ಅವನ ಹೆಂಡತಿ ಜಗಳದವಳೆಂದು ಬೀದಿಗೆಲ್ಲ ಗೊತ್ತು. ಬದಲಿ ಮಾಡಿದವರಿಗೂ ಗೊತ್ತಿದ್ದರೆ ಅದನ್ನೂ ತುಂಬಿರುತ್ತಾರೆ. ಹಾಗಾದರೆ ನಿನ್ನೆ ಅವಳು ಜಗಳವಾಡಿದ್ದರಿಂದ ತಿಳಿದುಬಂದದ್ದೇನು? ಏನೂ ಇಲ್ಲ. ಅವನ ಕೈಯಲ್ಲಿದ್ದ ಗೂಡು ಬೆವರಿಗೆ ಒದ್ದೆಯಾಯಿತು.

ಆಮೇಲೆ ಅವನು ದಿನವೂ ಏನಾದರೊಂದು ಹೇಳತೊಡಗಿದ. ಇಲ್ಲದ ನೆಂಟರ ಹೆಸರು ಹೇಳಿದ. ತಿನ್ನದ ತಿಂಡಿಯನ್ನು ತಾನು ಚಿಕ್ಕಂದಿನಿಂದ ತಿನ್ನುತ್ತಿದ್ದೆನೆಂದ. ಅವಳ ಬಳೆಯ ಡಬ್ಬಿಯನ್ನು ಅಕ್ಕಿಯ ಪಾತ್ರೆಯಲ್ಲಿಟ್ಟು, ಹುಡುಕುವಾಗ ಅವಳ ಮುಖ ನೋಡುತ್ತ ಕೂತ. ಅವಳು ಮೊದಮೊದಲು ನಕ್ಕಳು. ಬಳಿಕ ರೇಗಿದಳು. ಬಳಿಕ ಮೈ ಹುಷಾರಿಲ್ಲವೇ ಎಂದು ಕೇಳಿ ಹಣೆ ಮುಟ್ಟಿ ನೋಡಿದಳು. ಮೂರನ್ನೂ ಅವನು ಒಳಗೊಳಗೇ ತೂಗಿದ. ನಗು ಸ್ವಲ್ಪ ಬೇಗ ಬಂತು. ಸಿಟ್ಟು ಸ್ವಲ್ಪ ತಡವಾಯಿತು. ಹಣೆ ಮುಟ್ಟಿದ ಕೈ ತಣ್ಣಗಿತ್ತು. ಅವಳು ಆಗತಾನೇ ಪಾತ್ರೆ ತೊಳೆದು ಬಂದಿದ್ದಳು ಎಂಬುದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ನಿದ್ದೆ ಬರಲಿಲ್ಲ.

ಅಲ್ಲಾಡಿಸಿ ಕೇಳುವುದರಿಂದ ಕೆಲಸವಾಗುವುದಿಲ್ಲ ಎಂದು ಅವನಿಗೆ ಅನ್ನಿಸಿತು. ಒಂದು ಬೆಳಿಗ್ಗೆ ಮಾರುಕಟ್ಟೆಯಿಂದ ಬೇಗ ಬಂದು, ಅವಳ ತಾಯಿಗೆ ಬಹಳ ಸೀರಿಯಸ್ಸಾಗಿದೆಯಂತೆ, ಊರಿನವರು ಸಿಕ್ಕಿ ಹೇಳಿದರು ಎಂದ.

ಅವಳು ಒಲೆ ಆರಿಸಿದಳು. ಒಂದು ಸೀರೆ ಮಡಚಿ ಚೀಲಕ್ಕೆ ಹಾಕಿದಳು. ಅದಾದ ಮೇಲೆ ಅತ್ತಳು. ಕಾದಂಬರಿಯ ಬದಲಿಗಳೂ ಕೆಲಸ ಮುಗಿಸಿಕೊಂಡೇ ಅಳುತ್ತವೆ. ವ್ಯಾಪಾರಿ ಕಂಬಕ್ಕೆ ಒರಗಿ ಇದನ್ನು ನೋಡಿದ. ಬಸ್ಸಿಗೆ ಹತ್ತಿಸಿ ಬಂದ.

ತಾಯಿ ಮಾಳಿಗೆಯ ಮೇಲೆ ಹಪ್ಪಳ ಒಣಗಿಸುತ್ತಿದ್ದಳು. ಮಗಳನ್ನು ಕಂಡು, ಏನೇ ಹೇಳದೇ ಕೇಳದೇ ಬಂದೆ ಎಂದಳು. ಮಗಳು ಸುಮ್ಮನೆ ನೋಡಿಹೋಗಲು ಬಂದೆನೆಂದಳು. ಸಂಜೆಯ ಬಸ್ಸಿಗೆ ಹಿಂದಿರುಗಿದಳು.

ಆ ದಿನ ವ್ಯಾಪಾರಿ ಜಗಳಕ್ಕೆ ಸಿದ್ಧನಾಗಿ ಕೂತಿದ್ದ. ಅವಳು ಕೂಗಾಡಿದರೆ ಕಾಲು ಹಿಡಿದು ತಪ್ಪಾಯಿತೆನ್ನಬೇಕು, ಪುಸ್ತಕವನ್ನು ಕೂಟಕ್ಕೆ ಹಿಂದಿರುಗಿಸಬೇಕು ಎಂದು ನಿಶ್ಚಯಿಸಿಕೊಂಡಿದ್ದ. ಅವಳು ಕೂಗಾಡಲಿಲ್ಲ. ಕಾಲು ತೊಳೆದು ಒಳಗೆ ಹೋಗಿ ಅಕ್ಕಿ ಆರಿಸಲು ಕೂತಳು. ಅವನು ಪುಸ್ತಕ ತೆಗೆದು ಪರೀಕ್ಷೆಯ ಪುಟವನ್ನು ಮತ್ತೆ ಓದಿದ.

ಅಂದಿನಿಂದ ಅವಳು ಬೀದಿಯ ಸುದ್ದಿ ಹೇಳಲಿಲ್ಲ. ಏನು ಕೇಳಿದರೂ ಮೊದಲು ಅವನ ಮುಖ ನೋಡುತ್ತಿದ್ದಳು, ಅಲ್ಲಿ ಯಾವ ಉತ್ತರ ಬೇಕಾಗಿದೆ ಎಂದು ನೋಡುವವಳಂತೆ. ಆಮೇಲೆ ಚಿಕ್ಕದಾಗಿ ಉತ್ತರಿಸುತ್ತಿದ್ದಳು. ಅವನು ತಡೆಯಲಾರದೆ ಮತ್ತೊಮ್ಮೆ, ಮದುವೆಯ ದಿನ ಎಂಥ ಮಳೆ ಎಂದ.

“ಹೌದು, ಬಂದಿತ್ತು” ಎಂದಳು.

ಆ ಭಾನುವಾರ ವ್ಯಾಪಾರಿ ಕೂಟಕ್ಕೆ ಹೋಗಿ ಎಲ್ಲವನ್ನೂ ಹೇಳಿದ. ಕೂಟದವರಿಗೆ ಅವನ ಮೇಲೆ ಮರುಕ ಬಂತು. ಜೊತೆಗೆ, ಇಷ್ಟು ವರ್ಷದ ಚರ್ಚೆಗೆ ಒಂದು ಉದಾಹರಣೆ ಊರಿನಲ್ಲೇ ಸಿಕ್ಕಿತೆಂದು ಸಂತೋಷವೂ ಆಯಿತು. ಎಲ್ಲರೂ ಅವನ ಮನೆಗೆ ಹೋದರು. ಅವಳು ಚಾಪೆ ಹಾಸಿ ಕಾಫಿ ಕೊಟ್ಟಳು. ವಕೀಲರು ಮರ್ಯಾದೆಯಿಂದ, ತಾಯಿ ಎಂದು ಕರೆದೇ, ಪ್ರಶ್ನೆಗಳನ್ನು ಕೇಳಿದರು. ಅವಳು ನಿಂತೇ ಉತ್ತರಿಸಿದಳು. ಎಲ್ಲಿಯೂ ತಪ್ಪಲಿಲ್ಲ, ಎಲ್ಲಿಯೂ ತಡವರಿಸಲಿಲ್ಲ, ನಡುವೆ ಒಂದು ಸಲವೂ ಇದೆಲ್ಲ ಏಕೆ ಎಂದು ಕೇಳಲಿಲ್ಲ.

ಇಷ್ಟು ತಪ್ಪಿಲ್ಲದೆ ಮನುಷ್ಯರು ಮಾತಾಡಲಾರರು ಎಂದು ಮೇಷ್ಟ್ರು ಮೆಟ್ಟಿಲಿಳಿಯುತ್ತ ಹೇಳಿದರು. ಏನೇ ಆಗಲಿ ಕಾಫಿ ಚೆನ್ನಾಗಿತ್ತು ಎಂದು ಏಜೆಂಟ್ ಹೇಳಿದ. ಲೇಖಕರು ಎಷ್ಟು ದೂರ ಕಂಡಿದ್ದರು ಎಂದು ಮೆಚ್ಚಿಕೊಳ್ಳುತ್ತ ಮೂವರೂ ಬೀದಿ ದಾಟಿದರು.

ವ್ಯಾಪಾರಿ ಒಳಗೆ ಬಂದ. ಅವಳು ಲೋಟಗಳನ್ನು ಎತ್ತುತ್ತಿದ್ದಳು. ಅವನು ಚಾಪೆಯ ಮೇಲೆ ಕೂತ.

“ನಿನ್ನ ದಮ್ಮಯ್ಯ, ನಿಜ ಹೇಳು” ಎಂದ. “ನೀನು ಅವಳೇನಾ?”

ಅವಳು ಅವನ ಮುಖ ನೋಡಿದಳು.

“ಏನು ಹೇಳಿದರೆ ಸರಿಹೋಗುತ್ತೆ ಹೇಳಿ” ಎಂದಳು. “ಅದನ್ನೇ ಹೇಳ್ತೀನಿ.”

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಪಾಲಾಕ್ಷ ಮನಸ್ಸಿನಲ್ಲೇ ಕತೆಯನ್ನು ಹಿಂದಕ್ಕೂ ಮುಂದಕ್ಕೂ ತಿರುವಿ ನೋಡಿದ. ಬಿಸಿಲಿನ ಮಾತು ಆಡಿದವಳು ಹೆಂಡತಿಯೇ ಇರಬೇಕು ಎನಿಸಿತು. ಬಸ್ಸು ಹತ್ತಿದವಳೂ ಅವಳೇ ಇರಬಹುದು. ಬಸ್ಸಿನಿಂದ ಇಳಿದವಳ ವಿಷಯದಲ್ಲಿ ಅವನಿಗೆ ಧೈರ್ಯ ಸಾಲಲಿಲ್ಲ.

“ಗುರುಗಳೇ, ಹಾಗಾದರೆ ಆ ಮನೆಯಲ್ಲಿ ಬದಲಿ ಬಂದದ್ದು ನಿಜವೇ?” ಎಂದು ಕೇಳಿದ. “ನಿಜವಾದರೆ, ಆ ಗಂಡನಿಗೆ ಅದು ತಿಳಿಯುವುದು ಅಷ್ಟು ತಡವಾದದ್ದು ಏಕೆ?”

“ಬದಲಿ ಬಂದದ್ದು ನಿಜ, ಪಾಲಾಕ್ಷ” ಎಂದರು ಗುರುಗಳು, “ಆದರೆ ಗಂಡನ ಜಾಗದಲ್ಲಿ ಬೇರೆ ಯಾರೋ ಬಂದು ಕೂತಿದ್ದಾರೆಂದು ಆ ಹೆಂಗಸು ಯಾರಿಗೆ ಹೋಗಿ ಹೇಳಬೇಕಿತ್ತು?”