ಎಡಕ್ಕೆ ಬಿದ್ದ ಹೂವು

ಬಾ, ತಲೆ ನನ್ನ ತೊಡೆ ಮೇಲಿಡು. ಹೂಂ ಅಂತಿರಬೇಕು ಮತ್ತೆ, ನೀನು ಹೂಂ ಅನ್ನದಿದ್ರೆ ಕತೆ ನಡುದಾರೀಲೇ ಕೂತ್ಬಿಡುತ್ತೆ.

ಒಂದಾನೊಂದು ಕಾಲದಲ್ಲಿ, ಗುಡ್ಡದ ಕೆಳಗಿನ ಹಟ್ಟೀಲಿ ಸಣ್ಣೀರಮ್ಮ ಅಂತ ಒಬ್ಳು ಬಿದಿರು ಬುಟ್ಟಿ ಹೆಣ್ಕೊಂಡು ಬದುಕ್ತಿದ್ಳಂತೆ. ಗಂಡ ತೀರ್ಕೊಂಡಿದ್ದ, ಇದ್ದಿದ್ದು ಓಬಳಿ ಅಂತ ಒಬ್ಳೇ ಮಗಳು, ನಿನ್ನಷ್ಟೇ ಇದ್ಳು, ಬಾಯೀನೂ ನಿನ್ನಷ್ಟೇ. ಅವಳಿಗೆ ಜ್ವರ ಬಂದು ಮೈ ಕಾದ ಹೆಂಚಾಯ್ತಂತೆ, ಆಮೇಲೆ ಗಂಜಿ ಬೇಡ, ನೀರು ಬೇಡ, ಮಾತೂ ನಿಂತೋಯ್ತಂತೆ. ಆ ಸೀಮೆಗೆಲ್ಲ ಔಷಧಿ ಕೊಡೋನು ಮರುಳಜ್ಜ ಒಬ್ನೇ. ಅವನದೊಂದು ಹಟ, ಗುಡ್ಡದ ಮೇಲಿನ ಗವಿಯಪ್ಪ ದೇವರು ಹೂ ಕೊಟ್ಟ ಮೇಲೇ ಬೇರು ತೇಯೋದು. ದೇವರ ತಲೆ ಮೇಲಿಂದ ಹೂವು ಬಲಕ್ಕೆ ಬಿದ್ರೆ ಆಗ್ಲಿ ಅಂತ, ಎಡಕ್ಕೆ ಬಿದ್ರೆ ಬೇಡ ಅಂತ.

ಸಣ್ಣೀರಮ್ಮ ಗುಡ್ಡ ಹತ್ತಿ ಕೈ ಮುಗಿದು ಕೂತ್ಳಂತೆ, ಹೂವು ಎಡಕ್ಕೆ ಬಿತ್ತಂತೆ. ಮಾರನೇ ದಿನ ಹೋದ್ಳು, ಎಡಕ್ಕೇ. ಆಮೇಲೆ ಮೂರನೇ ದಿನ ಉಪವಾಸ ಇದ್ದು, ಒದ್ದೆ ಸೀರೇಲಿ ಹೋದ್ಳಂತೆ, ಆಗ್ಲೂ ಎಡಕ್ಕೇ! ಪೂಜಾರಿ ಮುಖ ಸಣ್ಣದು ಮಾಡ್ಕೊಂಡು, ದೇವರು ಬೇಡ ಅಂತಾನೆ ಕಣವ್ವ ಅಂದನಂತೆ. ಮರುಳಜ್ಜನೂ, ಅವನೇ ಬೇಡ ಅಂದ್ಮೇಲೆ ನಾನ್ಯಾರು ಅಂದ್ಬಿಟ್ನಂತೆ. ಸಣ್ಣೀರಮ್ಮ ಸೆರಗಲ್ಲಿ ಕಣ್ಣೊರೆಸ್ಕೊಂಡ್ಳು. ಆದ್ರೂ ಏನಂದ್ಳು ಗೊತ್ತಾ, ಹೆತ್ತ ನಾನೇ ಬೇಡ ಅನ್ನಲ್ಲ, ನಮ್ಮನ್ನೆಲ್ಲ ಹೆತ್ತ ಗವಿಯಪ್ಪ ಬೇಡ ಅಂತಾನಾ, ಅವನು ಸರಿಯಾಗೇ ಹೇಳಿರ್ತಾನೆ, ನಮ್ಗೇ ತಿಳೀತಿಲ್ಲ ಅಂದ್ಳಂತೆ.

ಆಮೇಲೆ ಮನೆಗೆ ಬಂದು, ಮಗಳನ್ನ ಗೋಡೆಗೆ ಒರಗಿಸಿ ಎದುರಿಗೆ ಕೂತು, ಒಂದು ಗುಟುಕು ನೀರು ಕುಡಿಯವ್ವ, ಕೈ ನೀಡು ಅಂದ್ಳಂತೆ. ಓಬಳಿ ಕಣ್ಣು ಮುಚ್ಕೊಂಡೇ ಕೈ ನೀಡಿದ್ಳು. ಎಡಗೈ ನೀಡ್ತಾರೇನೇ ಅಂತ ಗದರಿಸೋಕೆ ಹೋದ ತಾಯಿ ಬಾಯಿ ಹಂಗೇ ನಿಂತೋಯ್ತಂತೆ. ಅದು ಬಲಗೈಯೇ! ಮಗು ಎದುರಿಗೆ ಕೂತಿದ್ದಕ್ಕೆ ಇವಳ ಎಡಕ್ಕೆ ಬಂದಿತ್ತು, ಅಷ್ಟೇ. ಗವಿಯಪ್ಪನೂ ನಮ್ಮೆದುರಿಗೇ ತಾನೇ ಕೂತಿರೋದು!

ಸಣ್ಣೀರಮ್ಮ ಒಂದೇ ಉಸಿರಿಗೆ ಮರುಳಜ್ಜನ ಮನೆಗೆ ಓಡಿದ್ಳಂತೆ. ಅಜ್ಜ, ನಾವು ನಮ್ಮ ಬಲ ನೋಡ್ಕೊಂಡು ಕೂತಿದ್ದೀವಿ, ಹೂವು ಬೀಳ್ತಿರೋದು ಅವನ ಬಲಕ್ಕೆ, ಮೂರು ದಿನದಿಂದ ಉಳಿಸ್ಕೊಡ್ತೀನಿ ಉಳಿಸ್ಕೊಡ್ತೀನಿ ಅಂತಾವ್ನೆ ಅಂದ್ಳಂತೆ. ಮರುಳಜ್ಜ ತನ್ನ ಎರಡು ಕೈನೂ ನೋಡ್ಕೊಂಡ, ಒಂದ್ಸಲ ಹಿಂದಕ್ಕೆ ತಿರುಗಿದ, ಆಮೇಲೆ ಮುಂದಕ್ಕೆ ತಿರುಗಿದ, ಆಮೇಲೆ ಹಣೆ ಚಚ್ಕೊಂಡು, ಅಯ್ಯೋ ಶಿವನೇ, ಎಷ್ಟು ಜನನ್ನ ಬರಿಗೈಲಿ ಕಳಿಸ್ದೆ ಅಂತ ಅತ್ತುಬಿಟ್ನಂತೆ. ಅಳ್ತಾ ಅಳ್ತಾನೇ ಅವಳ ಹಿಂದೆ ಬಂದು, ಬೇರು ತೇದು ಮಗು ನಾಲಿಗೆಗೆ ಹಚ್ಚಿದನಂತೆ. ಮೊದಲನೇ ದಿನ ಬೆವರು ಬಂತು, ಎರಡನೇ ದಿನ ಕಣ್ಣು ಬಿಟ್ಳು, ಮೂರನೇ ದಿನ ಓಬಳಿ ಎದ್ದು ಕೂತು, ಅವ್ವ, ಮುದ್ದೆ ಇಲ್ವಾ ಅಂದ್ಳಂತೆ.

ತಾಯಿ ಮಗಳು ನೂರ್ಕಾಲ ಸುಖವಾಗಿದ್ರು. ಮರುಳಜ್ಜ ಮಾತ್ರ ಅವತ್ತಿಂದ ಮೊದಲು ಔಷಧಿ ಕೊಟ್ಟು, ಆಮೇಲೆ ಗುಡ್ಡ ಹತ್ತಿ ಹೂ ಕೇಳ್ತಿದ್ನಂತೆ. ಅವನು ಬೇಡ ಅನ್ನಲ್ಲ ಬಿಡು, ಗೊತ್ತು ನಂಗೆ ಅಂತಿದ್ನಂತೆ. ಅಲ್ಲಿಗೆ ಅವರ ಕತೆ ಮುಗೀತು, ಕಣ್ಣು ಮುಚ್ಚು ಬಂಗಾರ.