ಬೋಳಪ್ಪನಿಗೆ ಹೊತ್ತ ಹರಕೆ

ಊರಿನವರು ಬೆನ್ನ ಹಿಂದೆ ತಮ್ಮನ್ನು ಬೋಳಪ್ಪ ಅನ್ನುತ್ತಾರೆಂಬ ಸುದ್ದಿ ಅಮಲ್ದಾರರ ಕಿವಿಗೆ ಬಿತ್ತು. ಡಂಗುರ ಸಾರುವ ಚೌಡಯ್ಯನನ್ನು ಕರೆಸಿದರು.

“ನಾಳೆಯಿಂದ ಎಲ್ಲರೂ ‘ಮಾನ್ಯ ಅಮಲ್ದಾರರು’ ಅನ್ನಬೇಕು. ತಪ್ಪಿದವರನ್ನು ಠಾಣೆಗೆ ಹಾಕಿಸ್ತೀನಿ. ಹೋಗಿ ಸಾರು.”

“ಸಾರ್ತೀನಿ ಬುದ್ಧಿ. ಹಿಂದಿನ ಸಾಹೇಬರನ್ನ ನಾವು ಹಾಗೇ ಕರೀತಿದ್ದದ್ದು. ಅವರಿಗೆ ವರ್ಗ ಆದ ದಿನ ಮನೆಮನೇಲೂ ಒಬ್ಬಟ್ಟು ಮಾಡಿದ್ವಿ.”

ಚೌಡಯ್ಯ ತಮಟೆಯನ್ನು ಹೆಗಲಿಗೇರಿಸಿಕೊಂಡು ಮಾತು ಮುಂದುವರಿಸಿದ.

“ಹೋದ ತಿಂಗಳು ತಮಗೆ ಜ್ವರ ಬಂತಲ್ಲ, ಆಗ ಹೆಂಗಸರೆಲ್ಲ ಮಾರಮ್ಮನ ಗುಡಿಗೆ ಹೋಗಿ, ‘ನಮ್ಮ ಬೋಳಪ್ಪನ್ನ ಉಳಿಸಿಕೊಡು ತಾಯಿ, ತಂಬಿಟ್ಟಿನ ಆರತಿ ಮಾಡ್ತೀವಿ’ ಅಂತ ಹರಕೆ ಹೊತ್ತರು. ಈ ಶುಕ್ರವಾರ ಆರತಿ. ಹೆಸರು ಬದಲಾಗಿದೆ ಅಂತ ಮಾರಮ್ಮನಿಗೂ ಸಾರಿ ಬರಲಾ?”

ಅಮಲ್ದಾರರು ರುಮಾಲು ತೆಗೆದು ತಲೆ ಸವರಿಕೊಂಡರು.

“ತಮಟೆ ಮನೇಲಿಡು. ಶುಕ್ರವಾರ ಆರತಿಗೆ ಬೋಳಪ್ಪನೂ ಬರ್ತಾನೆ ಅಂತ ಹೆಂಗಸರಿಗೆ ಹೇಳು.”