ಮನೆ ಕೊಡಿಸಿದ ಹಲ್ಲಿ

ಪೇಟೆಯ ನಟ್ಟನಡುವೆ ಎದ್ದ ಹೊಸ ಅಪಾರ್ಟ್‌ಮೆಂಟಿನ ಖಾಲಿ ಫ್ಲಾಟೊಂದರಲ್ಲಿ ಹಲ್ಲಿಯೂ ಜೇಡವೂ ವಾಸವಾಗಿದ್ದವು. ಒಂದು ಸಂಜೆ ಸದಾಶಿವಯ್ಯ, ಲೀಲಾವತಿ ದಂಪತಿ ಮನೆ ನೋಡಲು ಬಂದರು.

"ಮಾರ್ಕೆಟ್ಟು, ಆಸ್ಪತ್ರೆ ಎಲ್ಲ ಹತ್ತಿರ. ಆದರೂ ಮನಸ್ಸು ಗಟ್ಟಿಯಾಗುತ್ತಿಲ್ಲ," ಎಂದರು ಸದಾಶಿವಯ್ಯ.

"ತಗೊಂಡುಬಿಡೋಣ ರೀ. ಇದು ನಮಗೆ ಆಗಿಬರುತ್ತೆ," ಎಂದರು ಲೀಲಾವತಿ.

ಸರಿಯಾಗಿ ಆಗಲೇ ಹಲ್ಲಿ ಲೊಚಗುಟ್ಟಿತು. ಹಲ್ಲಿ ನುಡಿದ ಮೇಲೆ ಮಾತು ಸುಳ್ಳಾಗದೆಂದು ನಂಬಿದವರು ಅವರು. ಲೀಲಾವತಿ ಬೆರಳಿನಿಂದ ನೆಲ ತಟ್ಟಿ "ಕೃಷ್ಣ ಕೃಷ್ಣ" ಎಂದರು. ಅಂದೇ ಮುಂಗಡ ಕೊಟ್ಟು ಹೋದರು.

ಜೇಡ ಕೇಳಿತು: "ಬಚ್ಚಲ ಪಕ್ಕದ ಗೋಡೆ ಒಳಗೊಳಗೇ ನೆನೆಯುತ್ತಿರುವುದು ನಿಮಗೆ ಗೊತ್ತಿತ್ತಲ್ಲವೇ?"

"ಗೊತ್ತಿತ್ತು. ಗೋಡೆಯ ವಿಷಯ ನನ್ನನ್ನು ಯಾರೂ ಕೇಳಲಿಲ್ಲ," ಎಂದಿತು ಹಲ್ಲಿ. "ಜನ ಬಂದರೆ ದೀಪ ಉರಿಯುತ್ತದೆ. ದೀಪ ಉರಿದರೆ ಹುಳು ಬರುತ್ತವೆ. ನಾನು ಹೊಟ್ಟೆ ತುಂಬ ಉಂಡು ಬಹಳ ದಿನವಾಯಿತು."

ಗೃಹಪ್ರವೇಶವಾಯಿತು. ದೀಪ ಉರಿಯಿತು, ಹುಳು ಬಂದವು. ಅವನ್ನು ಹಿಡಿಯಲು ಹಲ್ಲಿ ಗೋಡೆಗಿಳಿಯಿತು. ಲೀಲಾವತಿ ಪೊರಕೆ ಎತ್ತಿಕೊಂಡರು.

"ಹೊಡೀಬೇಡ ಕಣೇ, ನಮಗೆ ಮನೆ ಕೊಡಿಸಿದ್ದೇ ಅದು," ಎಂದರು ಸದಾಶಿವಯ್ಯ.

"ಅದಕ್ಕೇ ಹೊಡೀತಿಲ್ಲ," ಎಂದು ಲೀಲಾವತಿ ಅದನ್ನು ಬಾಗಿಲಾಚೆ ಗುಡಿಸಿದರು. ಹಲ್ಲಿ ಮತ್ತೆ ಬಾರದಿರಲೆಂದು ಗೋಡೆಗೆ ನವಿಲುಗರಿಯನ್ನೂ ಸಿಕ್ಕಿಸಿದರು. ಬಣ್ಣ ಉಬ್ಬಿ ಉದುರಿದ್ದ ಜಾಗ ಅದರಿಂದ ಅಷ್ಟಿಷ್ಟು ಮುಚ್ಚಿತು.

ಹಲ್ಲಿ ಎದುರಿನ ಖಾಲಿ ಫ್ಲಾಟಿಗೆ ನುಗ್ಗಿತು. ಅಲ್ಲಿ ಬೇರೊಂದು ಜೋಡಿ ಗಂಡಹೆಂಡತಿ ತಗೊಳ್ಳೋಣವೋ ಬೇಡವೋ ಎಂದು ಮಾತಾಡಿಕೊಳ್ಳುತ್ತಿದ್ದರು. ಹಲ್ಲಿ ಅವರ ತಲೆಯ ಮೇಲಿನ ಚಾವಣಿಗೆ ಹೋಗಿ, ಮಾತು ಮುಗಿಯಲೆಂದು ಕಾಯುತ್ತ ಕುಳಿತಿತು.